ಕಿಟಕಿಯಿಂದ ಹತ್ತಡಿ ದೂರದ ಮೂಲೆ: ಇಲ್ಲಿ ಯಾವ ಗಿಡ ಬೆಳೆಯುತ್ತೆ?

ಮೂಲೆಮನೆ
ರೂಮು 12 ಅಡಿ ಉದ್ದ, 10 ಅಡಿ ಅಗಲ. ಇರೋದು ಒಂದೇ ಕಿಟಕಿ, ಅದೂ ಉತ್ತರಕ್ಕೆ, ಎದುರಿಗೇ ಇನ್ನೊಂದು ಕಟ್ಟಡದ ಗೋಡೆ. ನೇರ ಬಿಸಿಲು ಒಳಗೆ ಬೀಳೋದೇ ಇಲ್ಲ. ಗಿಡ ಇಡಬೇಕಿರೋದು ಮೂರು ಕಡೆ: ಕಿಟಕಿಗೆ ಅಂಟಿಕೊಂಡಿರೋ ಟೇಬಲ್, ಹತ್ತಡಿ ದೂರದ ಪುಸ್ತಕದ ಶೆಲ್ಫ್, ಕಿಟಕಿನೇ ಇಲ್ಲದ ಬಾತ್‌ರೂಮ್. ಮನೆಯಲ್ಲಿ ಬೆಕ್ಕು ಇದೆ. "ಲೋ ಲೈಟ್ ಗಿಡಗಳು" ಅಂತ ಹುಡುಕಿದ್ರೆ ಒಂದೊಂದು ಪಟ್ಟಿಯಲ್ಲೂ ಮೂವತ್ತು ಹೆಸರು. ಒಂದರಲ್ಲಿ ಕ್ರೋಟನ್ ಇದೆ, ಇನ್ನೊಂದರಲ್ಲಿ ಜೇಡ್ ಇದೆ. ಯಾವುದನ್ನ ನಂಬೋದು? ಸಾಯದೇ ನಿಂತಿದ್ರೆ ಸಾಲದು, ಹೊಸ ಎಲೆ ಬಿಡಬೇಕು.

ಎಲೆಪುರಾಣ
ಝೀಝೀ ಪ್ಲಾಂಟ್ ತಂದಿಡಿ, ನೀರು ಹಾಕೋದು ಮರೆತುಬಿಡಿ. ಮುಗೀತು ಕಥೆ.

ಲಕ್ಸ್‌ಲೆಕ್ಕ
ಗಿಡದ ಹೆಸರು ಆಮೇಲೆ, ಮೊದಲು ಬೆಳಕು ಅಳೀರಿ. ಈ ವಿಷಯದಲ್ಲಿ ನಮ್ಮ ಕಣ್ಣನ್ನ ನಂಬೋ ಹಾಗೇ ಇಲ್ಲ. ಹೊರಗೆ ಸುಡುಬಿಸಿಲಲ್ಲಿ ಸುಮಾರು 1,00,000 ಲಕ್ಸ್ (ಬೆಳಕು ಅಳೆಯೋ ಮಾನ), ಮೋಡ ಕವಿದ ದಿನ 10,000ದ ಆಸುಪಾಸು, ರೂಮೊಳಗೆ 300. ಮೂರೂ ಕಡೆ ನಾವು ಆರಾಮಾಗಿ ಪೇಪರ್ ಓದ್ತೀವಿ, ಕಣ್ಣು ಹೊಂದಿಕೊಂಡುಬಿಡುತ್ತೆ. ಗಿಡಕ್ಕೆ ಅದು ಹೊಟ್ಟೆ ತುಂಬಾ ಊಟಕ್ಕೂ ಉಪವಾಸಕ್ಕೂ ಇರೋ ವ್ಯತ್ಯಾಸ.

ಫೋನಿಗೆ ಯಾವುದಾದ್ರೂ ಲಕ್ಸ್ ಮೀಟರ್ ಆಪ್ ಹಾಕ್ಕೊಳ್ಳಿ. ದೀಪ ಎಲ್ಲ ಆರಿಸಿ. ಗಿಡ ಇಡೋ ಜಾಗದಲ್ಲೇ, ಎಲೆ ಬರೋ ಎತ್ತರದಲ್ಲಿ, ಫೋನಿನ ಮುಖ ಕಿಟಕಿ ಕಡೆ ಮಾಡಿ ಹಿಡೀರಿ. ಬೆಳಗ್ಗೆ 9, ಮಧ್ಯಾಹ್ನ 12, ಸಂಜೆ 4ಕ್ಕೆ ಒಂದೊಂದು ಸಲ. ಸೆನ್ಸರ್ ಮೇಲೆ ಬೆರಳಿನ ನೆರಳು ಬೀಳಬಾರದು, ನೀವೇ ಕಿಟಕಿಗೆ ಅಡ್ಡ ನಿಂತ್ಕೊಳ್ಳಬಾರದು. ಫೋನಿನ ಅಂಕಿ ಪಕ್ಕಾ ಇರಲ್ಲ ನಿಜ, ಆದ್ರೆ 90ಕ್ಕೂ 900ಕ್ಕೂ ವ್ಯತ್ಯಾಸ ತಿಳಿಯೋಕೆ ಧಾರಾಳ ಸಾಕು.

ನಾನು ಇಟ್ಕೊಂಡಿರೋ ಗೆರೆಗಳು ಇವು. 250 ಲಕ್ಸ್‌ಗಿಂತ ಕೆಳಗೆ ಯಾವ ಗಿಡವೂ ಬಹಳ ದಿನ ಬೆಳೆಯಲ್ಲ, ಬೇರಲ್ಲಿ ಇಟ್ಟಿದ್ದನ್ನ ಕರಗಿಸಿಕೊಂಡು ನಿಂತಿರುತ್ತೆ ಅಷ್ಟೆ. 250ರಿಂದ 1,000 ಅಂದ್ರೆ ನಿಜವಾದ ಲೋ ಲೈಟ್. 1,000ದಿಂದ 5,000 ಮಧ್ಯಮ. ಅದರ ಮೇಲೆ ಒಳ್ಳೇ ಬೆಳಕು. ಪಟ್ಟಿಗಳಲ್ಲಿರೋ ಅರ್ಧಕ್ಕರ್ಧ ಗಿಡ ಮಧ್ಯಮ ಬೆಳಕಿನವು.

ಕುಂಡಪ್ರಿಯೆ
ಆಪ್ ಬೇಡ ಅನ್ನೋರಿಗೆ ಕೈ ನೆರಳಿನ ಪರೀಕ್ಷೆ. ಮಧ್ಯಾಹ್ನ ಗಿಡ ಇಡೋ ಜಾಗದಲ್ಲಿ ಬಿಳಿ ಹಾಳೆ ಇಡಿ, ಒಂದಡಿ ಮೇಲೆ ಕೈ ಹಿಡೀರಿ. ಬೆರಳು ಬೆರಳು ಬಿಡಿಸಿ ಕಾಣೋ ಗಟ್ಟಿ ನೆರಳು ಬಿದ್ರೆ ಒಳ್ಳೇ ಬೆಳಕು. ಅಂಚು ಮಸುಕಾಗಿ, ಕೈ ಅಂತ ಗೊತ್ತಾಗೋ ಅಷ್ಟಿದ್ರೆ ಮಧ್ಯಮ. ಏನೋ ಮಬ್ಬು ಕಲೆ ಮಾತ್ರ ಅಂದ್ರೆ ಲೋ ಲೈಟ್. ನೆರಳೇ ಬೀಳ್ತಿಲ್ಲ ಅಂದ್ರೆ ಪ್ಲಾಸ್ಟಿಕ್ ಗಿಡ.

ಪತ್ರಹರಿತ್ತು
ಲಕ್ಸ್ ಅನ್ನೋದು ಮನುಷ್ಯನ ಕಣ್ಣಿಗೆ ಮಾಡಿದ ಅಳತೆ ಸ್ವಾಮಿ, ಹಸಿರು ಬೆಳಕಿಗೆ ಜಾಸ್ತಿ ತೂಕ ಕೊಡುತ್ತೆ. ಗಿಡಕ್ಕೆ ಬೇಕಿರೋದು 400ರಿಂದ 700 ನ್ಯಾನೋಮೀಟರ್ ನಡುವಿನ ಫೋಟಾನ್‌ಗಳ, ಅಂದ್ರೆ ಬೆಳಕಿನ ಕಣಗಳ ಎಣಿಕೆ. ಹಗಲಿನ ಬೆಳಕಾದ್ರೆ ಲಕ್ಸನ್ನ 54ರಿಂದ ಭಾಗಿಸಿ, ಬಿಳಿ ಎಲ್‌ಇಡಿ ಆದ್ರೆ ಸುಮಾರು 70ರಿಂದ. ಬರೋದು ಸೆಕೆಂಡಿಗೆ ಚದರ ಮೀಟರಿಗೆ ಮೈಕ್ರೋಮೋಲ್ (ಫೋಟಾನ್ ಎಣಿಸೋ ಮಾನ, ಹತ್ತು ಲಕ್ಷ ಸೇರಿದ್ರೆ ಒಂದು ಮೋಲ್). ಅದನ್ನ ದಿನದಲ್ಲಿ ಬೆಳಕಿರೋ ಸೆಕೆಂಡುಗಳಿಂದ ಗುಣಿಸಿದ್ರೆ ದಿನದ ಒಟ್ಟು ಬೆಳಕು. 500 ಲಕ್ಸ್ 12 ಗಂಟೆ ಒಂದೇ ಸಮ ಸಿಕ್ರೂ 0.4 ಮೋಲ್ ಆಯ್ತು. ಎಲೆಗಿಡ ಚೆನ್ನಾಗಿ ಬೆಳೀಬೇಕು ಅಂದ್ರೆ 1ರ ಮೇಲೆ ಇದ್ರೆ ನೆಮ್ಮದಿ.

ಎಲೆಪುರಾಣ
ಒಂದು ಕುಂಡ ಇಡೋಕೆ ಇಷ್ಟು ಗಣಿತ ಬೇಕಾ ಗುರುವೇ 😄

ಪತ್ರಹರಿತ್ತು
ಬೇಡ. ಸತ್ತ ಮೇಲೆ "ನನ್ ಕೈಗುಣ ಸರಿ ಇಲ್ಲ" ಅಂತ ಕೊರಗದಿದ್ರೆ ಬೇಡವೇ ಬೇಡ.

ಬೇರುಬಲ್ಲ
ಮೊದಲನೇ ಉತ್ತರಕ್ಕೆ ಒಂದು ತಿದ್ದುಪಡಿ, ಆಗ್ಲೇ ಹೇಳಬೇಕಿತ್ತು. ಅವರ ಮನೇಲಿ ಬೆಕ್ಕಿದೆ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಝೀಝೀ, ಮನಿ ಪ್ಲಾಂಟ್, ಫಿಲೋಡೆಂಡ್ರಾನ್, ಅಗ್ಲೋನೀಮ, ಡೀಫೆನ್‌ಬೇಕಿಯ, ಪೀಸ್ ಲಿಲಿ ಎಲ್ಲ ಒಂದೇ ಕುಟುಂಬದವು, ನಮ್ಮ ಕೆಸುವಿನ ಕುಟುಂಬ. ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರ್ತವೆ. ಬೆಕ್ಕು ಕಚ್ಚಿದ್ರೆ ಬಾಯಿ ಉರಿ, ಜೊಲ್ಲು, ವಾಂತಿ. ಸ್ನೇಕ್ ಪ್ಲಾಂಟು, ಡ್ರಸೀನಗಳಲ್ಲಿ ಸಪೋನಿನ್, ಅದೂ ಬೆಕ್ಕು ನಾಯಿಗೆ ಆಗಲ್ಲ.

ಬೆಕ್ಕಿರೋ ಮನೆಗೆ ಧೈರ್ಯವಾಗಿ ಇಡಬಹುದಾದ, ಕಡಿಮೆ ಬೆಳಕು ತಡೆಯೋ ಗಿಡ: ಆಸ್ಪಿಡಿಸ್ಟ್ರ, ಅಂದ್ರೆ ಕಾಸ್ಟ್ ಐರನ್ ಪ್ಲಾಂಟ್. ಪಾರ್ಲರ್ ಪಾಮ್. ಲೇಡಿ ಪಾಮ್. ಸ್ವಲ್ಪ ಹೆಚ್ಚು ಬೆಳಕಿದ್ರೆ ಸ್ಪೈಡರ್ ಪ್ಲಾಂಟ್, ಕ್ಯಾಲಥಿಯ, ಮರಾಂಟ. ಇವುಗಳಲ್ಲಿ ವಿಷ ಇಲ್ಲ. ಆದ್ರೂ ಸ್ಪೈಡರ್ ಪ್ಲಾಂಟಿನ ಉದ್ದ ಎಲೆ ಕಂಡ್ರೆ ಬೆಕ್ಕು ಬಿಡಲ್ಲ, ಎತ್ತರದಲ್ಲಿ ನೇತುಹಾಕಿ. ಜಾಸ್ತಿ ತಿಂದ್ರೆ ಅದೂ ಕಕ್ಕುತ್ತೆ.

ಎಲೆಪುರಾಣ
ಬೆಕ್ಕಿನ ಸಾಲು ನೋಡಿರಲಿಲ್ಲ, ತಪ್ಪಾಯ್ತು. ಝೀಝೀ ವಾಪಸ್ ತಗೊಂಡೆ.

ಒಣಎಲೆ
ಬೆಕ್ಕಿಲ್ಲದೋರು ಓದ್ತಾ ಇರ್ತಾರಲ್ಲ, ಅವರಿಗಾಗಿ ಒಂದು ಮಾತು. ಝೀಝೀ ವಿಷಯದಲ್ಲಿ "ನೀರು ಮರೆತುಬಿಡಿ" ಅನ್ನೋ ಉಪದೇಶ ಅರ್ಧ ಸತ್ಯ. ಮಣ್ಣಿನ ಕೆಳಗೆ ಅದಕ್ಕೆ ಆಲೂಗಡ್ಡೆ ಥರದ ಗೆಡ್ಡೆ ಇದೆ, ನೀರು ಅಲ್ಲೇ ಕೂಡಿಟ್ಕೊಳ್ಳುತ್ತೆ. ಕಡಿಮೆ ಬೆಳಕಲ್ಲಿ ಮೂರರಿಂದ ಐದು ವಾರಕ್ಕೊಂದು ಸಲ, ಮಣ್ಣು ತಳದ ತನಕ ಒಣಗಿದ ಮೇಲೆ ಹಾಕಿ. ಹಾಕುವಾಗ ಮಾತ್ರ ತಳದಿಂದ ಹರಿದು ಬರೋ ಹಾಗೆ ಪೂರ್ತಿ ಹಾಕಿ. ವಾರಕ್ಕೊಂದು ಲೋಟ ಅಂತ ಚಿಮುಕಿಸೋರು ಗೆಡ್ಡೆ ಕೊಳೆಸ್ತಾರೆ. ಕಾಂಡ ಬುಡದಲ್ಲಿ ಮೆತ್ತಗಾಗಿ ಪಕ್ಕಕ್ಕೆ ಬಿತ್ತು ಅಂದ್ರೆ ಕೊಳೆತಿದೆ ಅಂತ ಅರ್ಥ. ಕಾಂಡದಲ್ಲಿ ಉದ್ದುದ್ದ ಸುಕ್ಕು ಬಂದ್ರೆ ಬಾಯಾರಿಕೆ.

ತೊಟ್ಟಿತೋಟ
ಸ್ನೇಕ್ ಪ್ಲಾಂಟನ್ನ ಎಲ್ಲರೂ ಕತ್ತಲೆ ಗಿಡ ಅಂತಾರಲ್ಲ, ಅದೊಂದು ದೊಡ್ಡ ತಪ್ಪು ತಿಳುವಳಿಕೆ. ಅದು ಪಶ್ಚಿಮ ಆಫ್ರಿಕಾದ್ದು, ಬಿಸಿಲಿಗೂ ಸೈ. ಕತ್ತಲೆಯಲ್ಲಿ ಇಟ್ರೆ ಸಾಯೋಕೆ ಎರಡು ವರ್ಷ ತಗೊಳ್ಳುತ್ತೆ, ಅದನ್ನೇ ನಾವು "ಬೆಳೀತಿದೆ" ಅಂದ್ಕೊಳ್ತೀವಿ. ಹೊಸ ಎಲೆ ತೆಳ್ಳಗೆ, ಉದ್ದಕ್ಕೆ, ತೂರಾಡ್ತಾ ಬಂದ್ರೆ ಬೆಳಕು ಸಾಲದು.

ಕುಂಡಪ್ರಿಯೆ
ಸ್ನೇಕ್ ಪ್ಲಾಂಟಿನ ಹಳದಿ ಅಂಚಿನ ತಳಿಯ ಎಲೆ ಕತ್ತರಿಸಿ ನೆಟ್ರೆ ಮರಿ ಬರೀ ಹಸಿರಾಗಿ ಬರುತ್ತೆ, ಅಂಚು ಹೋಗುತ್ತೆ. ಅಂಚು ಬೇಕಂದ್ರೆ ಬುಡದಿಂದ ಗೆಡ್ಡೆ ಸಮೇತ ಬೇರ್ಪಡಿಸಿ. ಅಂದ ಹಾಗೆ ಅದರ ಹೆಸರು ಈಗ ಸ್ಯಾನ್ಸವೀರಿಯ ಅಲ್ಲ, 2017ರಿಂದ ಡ್ರಸೀನ ಕುಲಕ್ಕೆ ಸೇರಿಸಿದ್ದಾರೆ.

ಎಲೆಪುರಾಣ
ಹೆಸರು ಬದಲಾದ್ರೆ ನೀರು ಕಮ್ಮಿ ಕುಡಿಯುತ್ತಾ?

ಕುಂಡಪ್ರಿಯೆ
ಇಲ್ಲ. ಆದ್ರೆ ಹುಡುಕುವಾಗ ಎರಡೂ ಹೆಸರು ಹಾಕಬೇಕಾಗುತ್ತೆ.

ಮೂಲೆಮನೆ
ಅಳೆದೆ. ಮೂರು ಹೊತ್ತಿನ ಸರಾಸರಿ: ಟೇಬಲ್ 1,400. ಶೆಲ್ಫ್ 90. ಬಾತ್‌ರೂಮ್ ದೀಪ ಆರಿಸಿದ್ರೆ 0, ಹಾಕಿದ್ರೆ 110. ಶೆಲ್ಫ್ ಕಣ್ಣಿಗೆ ಚೆನ್ನಾಗೇ ಬೆಳಗಿದೆ ಅನ್ಸುತ್ತೆ, 90 ಅಂದ್ರೆ ನಂಬೋಕೆ ಆಗ್ತಿಲ್ಲ.

ಲಕ್ಸ್‌ಲೆಕ್ಕ
ನಂಬಿ. ಕಿಟಕಿಯಿಂದ ದೂರ ಹೋದ ಹಾಗೆ ಬೆಳಕು ಮೆಟ್ಟಿಲು ಮೆಟ್ಟಿಲಾಗಿ ಇಳಿಯಲ್ಲ, ಜಾರಿ ಬೀಳುತ್ತೆ. ಗಿಡದ ಜಾಗದಲ್ಲಿ ಕೂತು ಕಿಟಕಿ ಕಡೆ ನೋಡಿ: ಆಕಾಶದ ತುಣುಕು ಕಾಣುತ್ತಾ? ಟೇಬಲ್ಲಿಂದ ಕಂಡಿರುತ್ತೆ, ಶೆಲ್ಫಿಂದ ಎದುರು ಗೋಡೆ ಮಾತ್ರ. ಆಕಾಶ ಕಾಣದ ಜಾಗ ಗಿಡದ ಮಟ್ಟಿಗೆ ಗುಹೆ.

ಅಗ್ಗದ ಉಪಾಯಗಳು ಮೊದಲು. ಕಿಟಕಿ ಗಾಜು ಒಳಗೂ ಹೊರಗೂ ಒರೆಸಿ, ಸೊಳ್ಳೆ ಪರದೆ ಇದ್ರೆ ಅದರ ಧೂಳು ತೊಳೀರಿ, ಹಗಲು ಪರದೆ ಪೂರ್ತಿ ಸರಿಸಿ. ಇಷ್ಟಕ್ಕೇ ಅಂಕಿ ಎದ್ದು ಕಾಣೋ ಅಷ್ಟು ಏರುತ್ತೆ. ಶೆಲ್ಫ್ ಹಿಂದಿನ ಗೋಡೆ ಗಾಢ ಬಣ್ಣದ್ದಾದ್ರೆ ಬಿಳಿ ಹಲಗೆ ನಿಲ್ಲಿಸಿ. ಆದ್ರೂ 90ನ್ನ 500 ಮಾಡೋಕೆ ಇದ್ಯಾವುದೂ ಸಾಲದು, ದೀಪ ಹಾಕಲೇಬೇಕು.

ಹುಳಬೇಟೆ
ದೀಪ ಅಂದ್ರೆ ನೇರಳೆ ಬಣ್ಣದ ಗ್ರೋ ಲೈಟೇ ಬೇಕು ಅಲ್ವಾ?

ಪತ್ರಹರಿತ್ತು
ಬೇಡ. ಮಾಮೂಲಿ ಬಿಳಿ ಎಲ್‌ಇಡಿ ಬಲ್ಬು ಸಾಕು, ಪೆಟ್ಟಿಗೆ ಮೇಲೆ 4000ರಿಂದ 6500 ಕೆಲ್ವಿನ್ ಅಂತ ಇರಲಿ. ಅದರಲ್ಲೂ ಕೆಂಪು ನೀಲಿ ಎರಡೂ ಇರ್ತವೆ. ನೇರಳೆ ಬೆಳಕಲ್ಲಿ ಎಲೆ ಹಳದಿಯಾಗಿದ್ಯಾ, ಹುಳ ಬಂದಿದ್ಯಾ ಒಂದೂ ಕಾಣಲ್ಲ, ರೂಮಲ್ಲಿ ಕೂರೋಕೂ ಹಿಂಸೆ.

ಲೆಕ್ಕ ಇಷ್ಟು: 10 ವಾಟಿನ ಎಲ್‌ಇಡಿ ಬಲ್ಬು ಒಟ್ಟು ಸುಮಾರು 900ರಿಂದ 1,000 ಲ್ಯೂಮೆನ್ (ಬಲ್ಬು ಹೊರಬಿಡೋ ಬೆಳಕಿನ ಮಾನ) ಕೊಡುತ್ತೆ. ಎಲೆಯಿಂದ 30 ಸೆಂಮೀ ಮೇಲಿದ್ರೆ 1,000 ಲಕ್ಸಿನ ಮೇಲೆಯೇ ಸಿಗುತ್ತೆ. 60 ಸೆಂಮೀಗೆ ಎತ್ತಿದ್ರೆ ಕಾಲುಭಾಗ. ಅದಕ್ಕೇ ಚಾವಣಿಯ ದೀಪದಿಂದ ಗಿಡಕ್ಕೆ ಏನೂ ಗಿಟ್ಟಲ್ಲ. ಕ್ಲಿಪ್ ಹಾಕೋ ಟೇಬಲ್ ಲ್ಯಾಂಪ್ ಆದ್ರೆ ಅದರ ಬುಟ್ಟಿ ಬೆಳಕನ್ನ ಕೆಳಕ್ಕೇ ತಳ್ಳುತ್ತೆ, ಇನ್ನೂ ಒಳ್ಳೇದು. ಟೈಮರ್ ಪ್ಲಗ್ಗಿಗೆ ಸಿಕ್ಕಿಸಿ ದಿನಕ್ಕೆ 12ರಿಂದ 14 ಗಂಟೆ. 10 ವಾಟ್ 12 ಗಂಟೆ ಉರಿದ್ರೆ ತಿಂಗಳಿಗೆ 3.6 ಯೂನಿಟ್ ಕರೆಂಟು.

ಎಲೆಪುರಾಣ
24 ಗಂಟೆನೂ ಉರಿಸಿದ್ರೆ ಡಬಲ್ ಬೆಳೆಯುತ್ತಾ?

ಪತ್ರಹರಿತ್ತು
ಇಲ್ಲ ಮಾರಾಯ್ರೇ. 16 ಗಂಟೆ ದಾಟಿಸಬೇಡಿ. ಸ್ನೇಕ್ ಪ್ಲಾಂಟಿನಂಥವು ಉಸಿರಾಡೋ ರಂಧ್ರ ತೆರೆಯೋದೇ ರಾತ್ರಿ. ಗಂಟೆ ಹೆಚ್ಚಿಸೋ ಬದಲು ದೀಪ ಹತ್ತಿರ ತನ್ನಿ.

ತೊಟ್ಟಿತೋಟ
ರಾತ್ರಿ ಆಮ್ಲಜನಕ ಬಿಡುತ್ತೆ ಅಂತ ಮಲಗೋ ಕೋಣೇಲಿ ಸ್ನೇಕ್ ಪ್ಲಾಂಟ್ ಇಡ್ತಾರಲ್ಲ, ಅದಕ್ಕೂ ಈ ರಂಧ್ರದ ಕಥೆಯೇ ಕಾರಣ ಇರಬೇಕು. ರಾತ್ರಿ ಅದು ರಂಧ್ರ ತೆರೆಯೋದು ಇಂಗಾಲದ ಡೈಆಕ್ಸೈಡ್ ಒಳಗೆ ತಗೊಳ್ಳೋಕೆ. ಆಮ್ಲಜನಕ ತಯಾರಾಗೋಕೆ ಬೆಳಕು ಬೇಕೇ ಬೇಕು.

ಒಣಎಲೆ
ಗಾಳಿ ಶುದ್ಧಿ ಮಾಡೋ ಕಥೆಯೂ ಅಷ್ಟೇ. 1989ರ ನಾಸಾ ಪ್ರಯೋಗ ನಡೆದಿದ್ದು ಗಾಳಿ ಆಡದ ಸಣ್ಣ ಮುಚ್ಚಿದ ಪೆಟ್ಟಿಗೆಗಳಲ್ಲಿ. 2019ರಲ್ಲಿ ಹಳೇ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ ಲೆಕ್ಕ ಹಾಕಿದಾಗ, ಮಾಮೂಲಿ ಗಾಳಿ ಓಡಾಟಕ್ಕೆ ಸಮ ಬರಬೇಕು ಅಂದ್ರೆ ನೆಲದ ಒಂದೊಂದು ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು ಅಂತ ಬಂತು. ಕಿಟಕಿ ತೆಗೀರಿ, ಅದೇ ಶುದ್ಧಿ.

ಹುಳಬೇಟೆ
ಚದರ ಮೀಟರಿಗೆ ಸಾವಿರ ಗಿಡ ಇಟ್ರೆ ಮನುಷ್ಯ ಬಾಲ್ಕನೀಲಿ ಮಲಗಬೇಕು.

ಬೇರುಬಲ್ಲ
ವಿಷಯಕ್ಕೆ ಬರೋಣ. ಮೂಲೆಮನೆ ಅವ್ರೇ, ನಿಮ್ಮ ಮೂರು ಜಾಗಕ್ಕೆ ನನ್ನ ಆಯ್ಕೆ.

ಟೇಬಲ್, 1,400: ಪಾರ್ಲರ್ ಪಾಮ್. ಮೆಕ್ಸಿಕೋ, ಗ್ವಾಟೆಮಾಲದ ದಟ್ಟ ಕಾಡಿನ ನೆಲದಲ್ಲಿ ಬೆಳೆಯೋ ಗಿಡ, ಈ ಬೆಳಕಲ್ಲಿ ಖುಷಿಯಾಗಿರುತ್ತೆ. ಕೊಳ್ಳುವಾಗ ಅರೆಕಾ ಪಾಮ್ ಜೊತೆ ಗೊಂದಲ ಮಾಡ್ಕೋಬೇಡಿ. ಅರೆಕಾದ ದಂಟು ಹಳದಿ ಛಾಯೆಯದು, ಅದಕ್ಕೆ ತುಂಬಾ ಬೆಳಕು ಬೇಕು. ಪಾರ್ಲರ್ ಪಾಮಿನ ಕಾಂಡ ತೆಳು, ಹಸಿರು. ಒಂದು ಕುಂಡದಲ್ಲಿ ಹತ್ತಿಪ್ಪತ್ತು ಸಸಿ ಒತ್ತಾಗಿ ಇರ್ತವೆ, ಬಿಡಿಸೋಕೆ ಹೋಗಬೇಡಿ, ಬೇರು ಹರಿದು ಅರ್ಧ ಸಾಯ್ತವೆ. ತುದಿ ಚಿವುಟಲೇಬೇಡಿ. ಪಾಮ್ ಜಾತಿಯ ಕಾಂಡಕ್ಕೆ ಬೆಳೆಯೋ ಮೊಳಕೆ ತುದಿಯಲ್ಲಿ ಒಂದೇ, ಅದು ಹೋದ್ರೆ ಆ ಕಾಂಡ ಹೋಯ್ತು.

ಶೆಲ್ಫ್, 90: ದೀಪ ಇಲ್ಲದೆ ಯಾವುದೂ ಬೇಡ. ದೀಪ ಹಾಕಿದ್ರೆ ಆಸ್ಪಿಡಿಸ್ಟ್ರ. ಎಲೆ ಒಂದೂವರೆ ಎರಡಡಿ ಎತ್ತರಕ್ಕೆ ಏಳುತ್ತೆ, ಶೆಲ್ಫಿನ ಮೇಲುಗಡೆ ಜಾಗ ನೋಡ್ಕೊಳ್ಳಿ. ನಿಧಾನದ ಗಿಡ, ವರ್ಷಕ್ಕೆ ನಾಲ್ಕೈದು ಎಲೆ ಬಿಟ್ರೆ ದೊಡ್ಡದು. ಪುಟ್ಟದಾಗಿ ಸಿಗಲ್ಲ, ಬೇಗ ದೊಡ್ಡದೂ ಆಗಲ್ಲ, ಹಾಗಾಗಿ ಬೇಕಾದ ಗಾತ್ರದ್ದನ್ನೇ ಕೊಳ್ಳಿ.

ಬಾತ್‌ರೂಮ್: ಬಿಟ್ಟುಬಿಡಿ.

ಕುಂಡಪ್ರಿಯೆ
ಬಾತ್‌ರೂಮಿಗೆ ಎರಡು ಕುಂಡ ಸರದಿ ಮೇಲೆ ಇಡಬಹುದಲ್ಲ? ಒಂದು ವಾರ ಒಳಗೆ, ಮೂರು ವಾರ ಕಿಟಕಿ ಹತ್ತಿರ.

ತೊಟ್ಟಿತೋಟ
ಇಡಬಹುದು, ಆದ್ರೆ ಗಿಡ ಅದನ್ನ ಮೆಚ್ಚಲ್ಲ. ಎಲೆ ತನಗೆ ಸಿಕ್ಕಿದ ಬೆಳಕಿಗೆ ತಕ್ಕ ಹಾಗೆ ತಯಾರಾಗಿರುತ್ತೆ. ಬಿಸಿಲ ಎಲೆ ದಪ್ಪ, ಸಣ್ಣ. ನೆರಳ ಎಲೆ ತೆಳು, ಅಗಲ. ನಾಲ್ಕು ವಾರಕ್ಕೊಮ್ಮೆ ಬದಲಾಯಿಸ್ತಾ ಹೋದ್ರೆ ಯಾವುದಕ್ಕೂ ಹೊಂದಿಕೊಳ್ಳಲ್ಲ. ಫೈಕಸ್ ಬೆಂಜಮಿನದಂಥದ್ದಾದ್ರೆ ಜಾಗ ಬದಲಾಯಿಸಿದ ತಕ್ಷಣ ಎಲೆ ಸುರಿಸುತ್ತೆ.

ಕುಂಡಪ್ರಿಯೆ
ಆಸ್ಪಿಡಿಸ್ಟ್ರಕ್ಕೆ, ಮನಿ ಪ್ಲಾಂಟಿಗೆ ಅಷ್ಟೊಂದು ಕೋಪ ಬರಲ್ಲ. ಕಿಟಕಿ ಹತ್ತಿರ ಮೂರು ವಾರ ಸಿಕ್ಕಿದ್ದೇ ಅದಕ್ಕೆ ಉಳಿತಾಯ. ಸರದಿ ಕೆಟ್ಟದ್ದು ಅಂತ ಸಾರಾಸಗಟಾಗಿ ಹೇಳೋದು ಸರಿಯಲ್ಲ.

ತೊಟ್ಟಿತೋಟ
ಸರಿ, ಗಟ್ಟಿ ಜಾತಿಗೆ ಒಪ್ಪಿದೆ. ಕ್ಯಾಲಥಿಯ, ಫರ್ನ್‌ಗಳಿಗೆ ಒಪ್ಪಲ್ಲ.

ಒಣಎಲೆ
ಹೊಸದಾಗಿ ಗಿಡ ತರೋರು ಎಡವೋದು ಇಲ್ಲೇ. ನರ್ಸರಿಯಲ್ಲಿ ಅದು ನೆರಳುಪರದೆ ಕೆಳಗೆ ಸಾವಿರಾರು ಲಕ್ಸ್ ಉಂಡು ಬೆಳೆದಿರುತ್ತೆ. ತಂದ ದಿನವೇ ಮೂಲೆಗೆ ಇಟ್ರೆ ಹದಿನೈದು ದಿನದಲ್ಲಿ ಕೆಳಗಿನ ಎಲೆ ಹಳದಿ. ಮೊದಲ ಒಂದು ವಾರ ಕಿಟಕಿಯ ಪಕ್ಕ, ಎರಡನೇ ವಾರ ನಾಲ್ಕಡಿ ಒಳಗೆ, ಮೂರನೇ ವಾರ ಇಡಬೇಕಾದ ಜಾಗ. ಆ ಮೂರು ವಾರದಲ್ಲಿ ಎರಡು ಮೂರು ಹಳೇ ಎಲೆ ಬಿದ್ರೆ ಗಾಬರಿ ಬೇಡ. ಗಾಬರಿಯಾಗಿ ನೀರು, ಗೊಬ್ಬರ ಸುರಿಯೋದೇ ಕೊಲ್ಲೋದು.

ಲಕ್ಸ್‌ಲೆಕ್ಕ
ಇದನ್ನ ಇನ್ನೂ ಒತ್ತಿ ಹೇಳಬೇಕು. ಕಡಿಮೆ ಬೆಳಕಲ್ಲಿ ಗಿಡ ಸಾಯೋದು ಕತ್ತಲೆಯಿಂದ ಕಡಿಮೆ, ನೀರಿನಿಂದ ಜಾಸ್ತಿ. ಬೆಳಕು ಕಮ್ಮಿ ಅಂದ್ರೆ ಎಲೆ ನೀರು ಎಳೆಯೋದು ಕಮ್ಮಿ. ಮಣ್ಣು ವಾರಗಟ್ಟಲೆ ಹಸಿಯಾಗೇ ಇರುತ್ತೆ. ಮಣ್ಣಿನ ಸಂದುಗಳಲ್ಲಿ ಗಾಳಿ ಇರಬೇಕಾದ ಕಡೆ ನೀರು ನಿಂತು ಬೇರಿಗೆ ಉಸಿರು ಕಟ್ಟುತ್ತೆ, ಸತ್ತ ಬೇರಿಗೆ ಶಿಲೀಂಧ್ರ ಹತ್ತುತ್ತೆ. ಬೇರಿಲ್ಲದ ಗಿಡ ಮೇಲೆ ಬಾಡುತ್ತೆ, ಬಾಡಿದ್ದು ನೋಡಿ ನಾವು ಮತ್ತೆ ನೀರು ಹಾಕ್ತೀವಿ.

ಹಾಗಾಗಿ "ಮಂಗಳವಾರ ನೀರು" ಅನ್ನೋ ವೇಳಾಪಟ್ಟಿ ಬಿಡಿ. ಬಿದಿರಿನ ಕಡ್ಡಿ ಒಂದನ್ನ ಕುಂಡದ ಅಂಚಲ್ಲಿ ತಳದ ತನಕ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೀರಿ. ಎಷ್ಟು ಭಾಗ ಒದ್ದೆಯಾಗಿ ಕಪ್ಪಾಗಿದೆ ನೋಡಿ. ಪಾರ್ಲರ್ ಪಾಮಿಗೆ ಮೇಲಿನ ಕಾಲುಭಾಗ ಒಣಗಿದ್ರೆ ನೀರು. ಆಸ್ಪಿಡಿಸ್ಟ್ರಕ್ಕೆ ಅರ್ಧ. ಝೀಝೀ, ಸ್ನೇಕ್ ಪ್ಲಾಂಟಿಗೆ ಪೂರ್ತಿ. ಸ್ವಲ್ಪ ದಿನ ಆದ ಮೇಲೆ ಕಡ್ಡಿನೂ ಬೇಡ, ಕುಂಡ ಎತ್ತಿದ್ರೆ ಭಾರದಲ್ಲೇ ಗೊತ್ತಾಗುತ್ತೆ.

ಬೇರುಬಲ್ಲ
ಮಣ್ಣಿನ ಮಿಶ್ರಣ ಯಾರೂ ಹೇಳಲಿಲ್ಲ. ತೋಟದ ಕೆಂಪು ಮಣ್ಣನ್ನ ಹಾಗೇ ಕುಂಡಕ್ಕೆ ತುಂಬಿದ್ರೆ ನಾಲ್ಕು ಸಲ ನೀರು ಹಾಕೋದ್ರೊಳಗೆ ಇಟ್ಟಿಗೆ ಆಗುತ್ತೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) 2 ಪಾಲು, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಕಾಳು) 1 ಪಾಲು, ಚೆನ್ನಾಗಿ ಕಳಿತ ಎರೆಗೊಬ್ಬರ ಅರ್ಧ ಪಾಲು. ಝೀಝೀ, ಸ್ನೇಕ್ ಪ್ಲಾಂಟಿಗೆ ಪರ್ಲೈಟನ್ನ 2 ಪಾಲು ಮಾಡಿ. ಕೋಕೋಪೀಟ್ ಇಟ್ಟಿಗೆಯಲ್ಲಿ ಉಪ್ಪಿನಂಶ ಇರುತ್ತೆ, ನೆನೆಸಿ ಹಿಂಡಿ, ಎರಡು ಮೂರು ಸಲ ನೀರು ಬದಲಾಯಿಸಿ ಬಳಸಿ. ಪರ್ಲೈಟ್ ಬೆರೆಸೋ ಮುಂಚೆ ನೀರು ಚಿಮುಕಿಸಿ, ಅದರ ಧೂಳು ಮೂಗಿಗೆ ಒಳ್ಳೇದಲ್ಲ.

ಕುಂಡ ಈಗಿರೋದಕ್ಕಿಂತ 2ರಿಂದ 5 ಸೆಂಮೀ ಅಗಲ ಇದ್ರೆ ಸಾಕು. "ದೊಡ್ಡ ಕುಂಡದಲ್ಲಿ ದೊಡ್ಡದಾಗಿ ಬೆಳೆಯುತ್ತೆ" ಅನ್ನೋದು ಬಿಸಿಲಿನ ಮಾತು. ನೆರಳಲ್ಲಿ ದೊಡ್ಡ ಕುಂಡ ಅಂದ್ರೆ ಬೇರು ಮುಟ್ಟದ ಹಸಿ ಮಣ್ಣು.

ಎಲೆಪುರಾಣ
ತಳದಲ್ಲಿ ಜಲ್ಲಿ ಹಾಕಿದ್ರೆ ನೀರು ಬಸಿಯುತ್ತಲ್ಲ, ಅದನ್ನ ಬಿಟ್ರಿ?

ಬೇರುಬಲ್ಲ
ಬಿಟ್ಟಿದ್ದೇ ಬೇಕಂತ. ನುಣುಪು ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭಕ್ಕೆ ಇಳಿಯಲ್ಲ, ಮಣ್ಣು ಪೂರ್ತಿ ನೆನೆದು ತುಂಬಿದ ಮೇಲೇ ಇಳಿಯೋದು. ನೆನೆದ ಪದರ ಕುಂಡದ ತಳದಲ್ಲಿ ಇರೋ ಬದಲು ಜಲ್ಲಿಯ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತೆ. ತೂತು ಮುಚ್ಚೋಕೆ ಒಂದು ಜಾಲರಿ ತುಂಡು ಸಾಕು.

ಕುಂಡಪ್ರಿಯೆ
ಜೊತೆಗೆ ಚಂದದ ಪಿಂಗಾಣಿ ಕುಂಡದೊಳಗೆ ಕಪ್ಪು ಪ್ಲಾಸ್ಟಿಕ್ ಕುಂಡ ಇಡೋರು: ನೀರು ಹಾಕಿ ಅರ್ಧ ಗಂಟೆ ಆದ ಮೇಲೆ ಒಳಗಿನದನ್ನ ಎತ್ತಿ ನೋಡಿ. ತಳದಲ್ಲಿ ಎರಡಿಂಚು ನೀರು ನಿಂತಿರುತ್ತೆ, ಹೊರಗಿಂದ ಗೊತ್ತೇ ಆಗಲ್ಲ.

ಹುಳಬೇಟೆ
ಒಳಗಿಡೋ ಕುಂಡದಿಂದ ಏಳೋ ಪುಟ್ಟ ಕಪ್ಪು ನೊಣ, ಫಂಗಸ್ ನ್ಯಾಟ್ ಅಂತಾರಲ್ಲ, ಅದಕ್ಕೆ ಏನು ಮಾಡ್ತೀರಿ? ಎಲ್ಲರ ಉತ್ತರ ನೋಡೋಣ ಅಂತ ಕೇಳ್ತಿದ್ದೀನಿ.

ಒಣಎಲೆ
ಮೇಲಿನ ಎರಡು ಮೂರು ಸೆಂಮೀ ಮಣ್ಣು ಪೂರ್ತಿ ಒಣಗಿಸೋದು. ಮೊಟ್ಟೆ, ಮರಿ ಎಲ್ಲ ಇರೋದು ಅಲ್ಲೇ.

ಎಲೆಪುರಾಣ
ದಾಲ್ಚಿನ್ನಿ ಪುಡಿ ಉದುರಿಸಿದ್ರೆ ಹೋಗುತ್ತೆ.

ಹುಳಬೇಟೆ
ದಾಲ್ಚಿನ್ನಿ ಬರೀ ಪರಿಮಳ. ಒಣಗಿಸೋದು ಸರಿ ಉತ್ತರ, ಆದ್ರೆ ಅರ್ಧ. ಹಾರೋ ನೊಣಕ್ಕೆ ಹಳದಿ ಅಂಟುಹಾಳೆಯನ್ನ ಮಣ್ಣಿನ ಮಟ್ಟದಲ್ಲೇ ಮಲಗಿಸಿ ಇಡಿ, ನೇತುಹಾಕಬೇಡಿ. ಮಣ್ಣಲ್ಲಿರೋ ಮರಿಹುಳಕ್ಕೆ ಬಿಟಿಐ, ಸೊಳ್ಳೆ ಮರಿ ಕೊಲ್ಲೋಕೆ ಬಳಸೋ ಬ್ಯಾಕ್ಟೀರಿಯಾನೇ, ನೀರಲ್ಲಿ ಕದಡಿ ಮೂರು ನಾಲ್ಕು ವಾರ ಬಿಡದೆ ಹಾಕಬೇಕು. ಒಂದೇ ಸಲ ಹಾಕಿದ್ರೆ ಆಮೇಲೆ ಮೊಟ್ಟೆಯಿಂದ ಬಂದ ಮರಿ ಉಳ್ಕೊಳ್ಳುತ್ತೆ.

ಆಸ್ಪಿಡಿಸ್ಟ್ರದ ವಿಷಯ ಬಂದಿದ್ದರಿಂದ ಒಂದು ಸ್ವಾರಸ್ಯ: ಅದರ ಹೂವು ಮಣ್ಣಿನ ಮಟ್ಟದಲ್ಲೇ ಅರಳುತ್ತೆ, ಎಲೆ ಸರಿಸಿ ನೋಡದಿದ್ರೆ ಕಾಣಲ್ಲ. ಬಸವನಹುಳು ಪರಾಗ ಸಾಗಿಸುತ್ತೆ ಅಂತ ಬಹಳ ಕಾಲ ನಂಬಿದ್ರು. ಜಪಾನಿನಲ್ಲಿ ಕಾಡಿನ ಗಿಡಗಳನ್ನ ಕಾದು ನೋಡಿದಾಗ ಆ ಕೆಲಸ ಮುಖ್ಯವಾಗಿ ಮಾಡ್ತಿದ್ದದ್ದು ಇದೇ ಫಂಗಸ್ ನ್ಯಾಟ್ ಜಾತಿಯ ನೊಣಗಳು.

ಎಲೆಪುರಾಣ
ಅಂದ್ರೆ ನೊಣ ಕೊಂದ್ರೆ ಆಸ್ಪಿಡಿಸ್ಟ್ರ ಬಂಜೆ.

ಹುಳಬೇಟೆ
ಗೆಡ್ಡೆ ಸೀಳಿ ನೆಡ್ತೀವಿ, ಅದಕ್ಕೆ ನೊಣದ ಹಂಗಿಲ್ಲ. ಒಂದೊಂದು ತುಂಡಿನಲ್ಲೂ ಎರಡು ಮೂರು ಎಲೆ ಇರಲಿ. ಆಸ್ಪಿಡಿಸ್ಟ್ರಕ್ಕೆ ನಿಜವಾದ ಶತ್ರು ಶಲ್ಕ ಕೀಟ, ಎಲೆಯ ತಳಭಾಗದಲ್ಲಿ ನಡುನರದ ಉದ್ದಕ್ಕೂ ಕಂದು ಚುಕ್ಕೆ ಥರ ಕೂತಿರುತ್ತೆ. ಉಗುರಲ್ಲಿ ಕೆರೆದ್ರೆ ಎದ್ದು ಬಂದ್ರೆ ಕೀಟ, ಬರದಿದ್ರೆ ಕಲೆ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದು, ಒಂದು ಲೀಟರ್ ನೀರಿಗೆ 5 ಮಿಲೀ ಬೇವಿನೆಣ್ಣೆ, 1ರಿಂದ 2 ಮಿಲೀ ದ್ರವ ಸೋಪು ಹಾಕಿ ಚೆನ್ನಾಗಿ ಕುಲುಕಿ, ವಾರಕ್ಕೊಮ್ಮೆ ಹಾಗೆ ಮೂರು ಸಲ ಸಿಂಪಡಿಸಿ. ದೀಪ ಆರಿಸಿದ ಮೇಲೆ ಸಂಜೆ ಮಾಡಿ.

ತೊಟ್ಟಿತೋಟ
ಗೊಬ್ಬರ? ನೆರಳಿನ ಗಿಡಕ್ಕೆ ಹಾಕಲೇಬಾರದು ಅಂತ ಕೆಲವರು, ತಿಂಗಳಿಗೊಮ್ಮೆ ಅಂತ ಕೆಲವರು.

ಬೇರುಬಲ್ಲ
ಹಾಕಬಹುದು, ಸ್ವಲ್ಪ. ನೀರಲ್ಲಿ ಕರಗೋ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಮೂರೂ ಸಮ ಇರೋ ಗೊಬ್ಬರ) ಲೀಟರಿಗೆ 1 ಗ್ರಾಂ, ಗಿಡ ಹೊಸ ಎಲೆ ಬಿಡ್ತಿರೋ ಕಾಲದಲ್ಲಿ ಮಾತ್ರ, ಆರೆಂಟು ವಾರಕ್ಕೊಮ್ಮೆ, ಒದ್ದೆ ಮಣ್ಣಿಗೆ. ಬೆಳಕಿಲ್ಲದೆ ಗಿಡ ಅದನ್ನ ಬಳಸಲ್ಲ, ಉಪ್ಪಾಗಿ ಮಣ್ಣಲ್ಲೇ ಉಳಿಯುತ್ತೆ, ಎಲೆ ತುದಿ ಸುಡುತ್ತೆ. ಮಣ್ಣಿನ ಮೇಲೆ ಬಿಳಿ ಪೊರೆ ಕಂಡ್ರೆ ಅದೇ. ಕುಂಡದ ಗಾತ್ರದ ಮೂರು ಪಟ್ಟು ನೀರು ನಿಧಾನಕ್ಕೆ ಸುರಿದು ಪೂರ್ತಿ ಬಸಿದುಬಿಡಿ.

ಮೂಲೆಮನೆ
ಇನ್ನೊಂದು ಪ್ರಶ್ನೆ. ಬಿಳಿ ಪಟ್ಟೆ, ಗುಲಾಬಿ ಎಲೆಯ ಗಿಡಗಳು ಶೆಲ್ಫಿಗೆ ಚೆನ್ನಾಗಿ ಕಾಣ್ತವೆ. ದೀಪ ಹಾಕಿದ ಮೇಲೆ ಅದರಲ್ಲಿ ಒಂದು ಇಡಬಹುದಾ?

ಪತ್ರಹರಿತ್ತು
ಬಿಳಿ ಜಾಗದಲ್ಲಿ ಹಸಿರು ದ್ರವ್ಯ ಇಲ್ಲ, ಅಲ್ಲಿ ಆಹಾರ ತಯಾರಾಗಲ್ಲ. ಅರ್ಧ ಬಿಳಿ ಎಲೆ ಅಂದ್ರೆ ಅರ್ಧ ಸಂಬಳದಲ್ಲಿ ಪೂರ್ತಿ ಸಂಸಾರ. 1,000 ಲಕ್ಸಿನ ದೀಪದಲ್ಲಿ ಪಟ್ಟೆ ಮಾಸಿ ಹೊಸ ಎಲೆ ಹಸಿರಾಗ್ತಾ ಬರಬಹುದು, ಇಲ್ಲಾ ಬೆಳವಣಿಗೆ ನಿಲ್ಲುತ್ತೆ. ಅಗ್ಲೋನೀಮದಲ್ಲೂ ಹೀಗೇ, ಹಸಿರು ಮತ್ತು ಬೆಳ್ಳಿ ಬಣ್ಣದವು ನೆರಳು ತಡೀತವೆ, ಕೆಂಪು ಗುಲಾಬಿಯವು ತಡೆಯಲ್ಲ. ಅದು ನಿಮ್ಮ ಬೆಕ್ಕಿಗೂ ಆಗಲ್ಲ ಬಿಡಿ. ನಿಮಗೆ ಪಟ್ಟೆ ಬೇಕೇ ಬೇಕಂದ್ರೆ ಮರಾಂಟ ಇಲ್ಲಾ ಕ್ಯಾಲಥಿಯ, ಅದನ್ನ ಶೆಲ್ಫಿಗಲ್ಲ, ಟೇಬಲ್ಲಿಗೆ.

ಕುಂಡಪ್ರಿಯೆ
ಕ್ಯಾಲಥಿಯ ಹೇಳೋ ಮುಂಚೆ ಎಚ್ಚರಿಕೆನೂ ಹೇಳಿ. ಗಾಳಿಯಲ್ಲಿ ತೇವ ಶೇ. 50ರ ಮೇಲಿರಬೇಕು, ಗಡಸು ನೀರು ಹಾಕಿದ್ರೆ ಅಂಚು ಸುಟ್ಟ ಕಾಗದದ ಹಾಗೆ ಆಗುತ್ತೆ. ಮಳೆ ನೀರು ಇಲ್ಲಾ ಫಿಲ್ಟರ್ ನೀರು ಬೇಕು. ಎಲೆ ಮೇಲೆ ಸ್ಪ್ರೇ ಮಾಡಿದ್ರೆ ಹತ್ತು ನಿಮಿಷದ ತೇವ, ಪ್ರಯೋಜನ ಇಲ್ಲ. ನಾಲ್ಕು ಗಿಡ ಒಟ್ಟಿಗೆ ಗುಂಪಾಗಿ ಇಡೋದು ಅದಕ್ಕಿಂತ ಮೇಲು. ಮೊದಲ ಗಿಡಕ್ಕೆ ಕ್ಯಾಲಥಿಯ ಕೊಡೋದು ಈಜು ಬರದವರನ್ನ ಮಡುವಿಗೆ ನೂಕಿದ ಹಾಗೆ.

ಪತ್ರಹರಿತ್ತು
ಹಾಗಾದ್ರೆ ಮರಾಂಟ. ಅದಕ್ಕೆ ಅಷ್ಟು ಮುನಿಸಿಲ್ಲ.

ತೊಟ್ಟಿತೋಟ
ಪೀಸ್ ಲಿಲಿ ಕೊಂಡು ಹೂವಿಗೆ ಕಾಯೋರಿಗೂ ಒಂದು ಮಾತು, ಬೆಕ್ಕಿಲ್ಲದ ಮನೆಯವರಿಗೆ. ಅಂಗಡೀಲಿ ಹೂವು ತುಂಬಿರೋದು ಬೆಳೆಗಾರರು ಗಿಬ್ಬರೆಲಿಕ್ ಆಮ್ಲ ಅನ್ನೋ ಸಸ್ಯ ಹಾರ್ಮೋನ್ ಸಿಂಪಡಿಸಿ ಹೂ ಬಿಡಿಸಿರ್ತಾರೆ ಅಂತ. 500 ಲಕ್ಸಿನಲ್ಲಿ ಎಲೆ ಮಾತ್ರ ಬರುತ್ತೆ, ಹೂವು ಬೇಕಂದ್ರೆ ಕಿಟಕಿ ಹತ್ತಿರಕ್ಕೆ ತರಬೇಕು. ಗೊಬ್ಬರ ಸುರಿದ್ರೆ ಹೂ ಬರಲ್ಲ.

ಮೂಲೆಮನೆ
ಇಷ್ಟಾಯ್ತು ನನ್ನ ಪಟ್ಟಿ: ಟೇಬಲ್ಲಿಗೆ ಪಾರ್ಲರ್ ಪಾಮ್ ಮತ್ತು ಒಂದು ಮರಾಂಟ. ಶೆಲ್ಫಿಗೆ 10 ವಾಟಿನ ಕ್ಲಿಪ್ ಲ್ಯಾಂಪ್, 6500 ಕೆಲ್ವಿನ್, 30 ಸೆಂಮೀ ಮೇಲೆ, 13 ಗಂಟೆ ಟೈಮರ್, ಕೆಳಗೆ ಆಸ್ಪಿಡಿಸ್ಟ್ರ. ಬಾತ್‌ರೂಮಿಗೆ ಟವೆಲ್ ಮಾತ್ರ. ಏನಾದ್ರೂ ಬಿಟ್ಟೆನಾ?

ಲಕ್ಸ್‌ಲೆಕ್ಕ
30 ಸೆಂಮೀ ಅನ್ನೋದು ಕುಂಡದಿಂದಲ್ಲ, ಎಲೆಯ ತುದಿಯಿಂದ. ಆಸ್ಪಿಡಿಸ್ಟ್ರದ ಎಲೆ ಎರಡಡಿ ಅಂದ್ರೆ ದೀಪ ಕುಂಡದಿಂದ ಮೂರಡಿ ಮೇಲಿರಬೇಕು, ಆಗ ಬುಡದ ಎಲೆಗೆ ಬೆಳಕು ಮುಟ್ಟಲ್ಲ. ನೇರ ಮೇಲಿಂದ ಬೇಡ, ಮುಂದುಗಡೆಯಿಂದ ಓರೆಯಾಗಿ ಹಾಕಿ. ಹದಿನೈದು ದಿನಕ್ಕೊಮ್ಮೆ ಕುಂಡ ಕಾಲುಸುತ್ತು ತಿರುಗಿಸಿ. ಹಾಕಿದ ಮೇಲೆ ಎಲೆಯ ಹತ್ತಿರ ಫೋನ್ ಹಿಡಿದು ಇನ್ನೊಮ್ಮೆ ಅಳೀರಿ, 800 ದಾಟಿರಬೇಕು.

ಕುಂಡಪ್ರಿಯೆ
ತಿಂಗಳಿಗೊಮ್ಮೆ ಎಲೆ ಒರೆಸಿ, ಅಡಿಯಲ್ಲಿ ಅಂಗೈ ಇಟ್ಟು ಒದ್ದೆ ಬಟ್ಟೆಯಲ್ಲಿ. ಧೂಳು ಕೂತ್ರೆ ಇದ್ದ ಬೆಳಕೂ ಒಳಗೆ ಹೋಗಲ್ಲ. ಎಲೆ ಹೊಳೆಯೋಕೆ ಎಣ್ಣೆ, ಹಾಲು ಏನೂ ಬೇಡ.

ಎಲೆಪುರಾಣ
ಬೆಕ್ಕು ಆಸ್ಪಿಡಿಸ್ಟ್ರದ ಕುಂಡಾನ ಟಾಯ್ಲೆಟ್ ಮಾಡ್ಕೊಂಡ್ರೆ?

ಬೇರುಬಲ್ಲ
ಮಣ್ಣಿನ ಮೇಲೆ ಮುಷ್ಟಿಗಾತ್ರದ ಉರುಟು ಕಲ್ಲು ಜೋಡಿಸಿ, ಆದ್ರೆ ಬುಡಕ್ಕೆ ತಾಗದ ಹಾಗೆ ಒಂದಿಂಚು ಬಿಟ್ಟು. ಕಲ್ಲು ಮುಚ್ಚಿದ್ರೆ ಮಣ್ಣು ಇನ್ನೂ ನಿಧಾನಕ್ಕೆ ಒಣಗುತ್ತೆ, ಕಡ್ಡಿ ಚುಚ್ಚಿ ನೋಡೇ ನೀರು ಹಾಕಿ.